ಕೋಳಿ ಡಾಕ್ಟರ ಸ್ಟೀರಿಂಗು

ಮಾರಿಸ್‌ವಿಲ್ಲಿನ ಕನ್ನಡಿಗರಲ್ಲಿ ನನ್ನ ಗೆಳೆಯ ಶೇಷಾದ್ರಿಯಷ್ಟು ಕೋಳಿಗಳನ್ನು ಹತ್ತಿರದಿಂದ ಬಲ್ಲವರು ಇನ್ನೊಬ್ಬರಿಲ್ಲ. ಸಾರಿಗೆ ಬೆಳ್ಳುಳ್ಳಿ ಬಿದ್ದರೆ ಮುಖ ಸಿಂಡರಿಸುವ ಈ ಮನುಷ್ಯ, ಇಪ್ಪತ್ತೈದು ವರ್ಷಗಳಿಂದ ನಾರ್ತ್ ಕ್ಯಾರೊಲೈನಾದ ಕೋಳಿ ಫಾರ್ಮುಗಳನ್ನು ಸುತ್ತುತ್ತಿರುವ ಪಶುವೈದ್ಯ. ಕೋಳಿ ನಾಲ್ಕು ಹೆಜ್ಜೆ ನಡೆದರೆ ಸಾಕು, ಅದಕ್ಕೇನಾಗಿದೆ ಎಂದು ಹೇಳಿಬಿಡುತ್ತಾನೆ. ಇಂಥವನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ, 1995ರ ಬೇಸಿಗೆಯಲ್ಲಿ, ಕಾರು ಕಟ್ಟುವ ಕಾಯಿಲೆ ತಗುಲಿತು.

ಕೊಳ್ಳುವುದಲ್ಲ, ಕಟ್ಟುವುದು. ಏಳು ಮರದ ಪೆಟ್ಟಿಗೆಗಳು ಲಾರಿಯಲ್ಲಿ ಬಂದಿಳಿದವು. ಒಳಗೆ ಕೊಳವೆಗಳ ಚೌಕಟ್ಟು, ಫೈಬರಿನ ಮೈ, ಚಕ್ರ, ನಟ್ಟು, ಬೋಲ್ಟು, ಮೇಲೊಂದು ದಪ್ಪ ಪುಸ್ತಕ. ಎಲ್ಲವನ್ನೂ ಜೋಡಿಸಿದರೆ ಇಬ್ಬರು ಕೂರುವ, ಸೂರಿಲ್ಲದ ಪುಟ್ಟ ಕೆಂಪು ಕಾರು. ಅದೆಷ್ಟು ತಗ್ಗೆಂದರೆ, ಕೂತವನ ಕಣ್ಣಿಗೆ ಪಕ್ಕದ ಟ್ರಕ್ಕಿನ ಚಕ್ರದ ನಟ್ಟುಗಳು ಮಾತ್ರ ಕಾಣುತ್ತವೆ. ಅಂದಿನಿಂದ ಅವನ ಹೆಂಡತಿ ಉಷಾರ ಕಾರು ಗರಾಜಿನಿಂದ ಬಿಸಿಲಿಗೆ ಬಂತು. ಗಣೇಶನ ಹಬ್ಬಕ್ಕೆ ಇಡೀ ಊರಿಗೆ ಎರವಲು ಕೊಡುತ್ತಿದ್ದ ದೊಡ್ಡ ಪಾತ್ರೆಗಳು ಊಟದ ಮೇಜಿನಡಿ ಸೇರಿದವು.

ಈ ಮಹಾಕಾರ್ಯಕ್ಕೆ ಸಹಾಯಕ ನಾನು. ನನ್ನ ಯಂತ್ರಜ್ಞಾನ ಕ್ಯಾಸೆಟ್ಟಿನಿಂದ ಹೊರಬಂದ ಟೇಪನ್ನು ಪೆನ್ಸಿಲಿನಲ್ಲಿ ಸುತ್ತಿ ಒಳಗೆ ಹಾಕುವಲ್ಲಿಗೆ ಮುಗಿಯುತ್ತದೆ. ಟಾರ್ಚು ಹಿಡಿ ಎಂದರೆ ಹಿಡಿಯುತ್ತಿದ್ದೆ. ಅದನ್ನೂ ಅವನ ಕಣ್ಣಿಗೇ ಹಿಡಿಯುತ್ತಿದ್ದೆನೆಂಬ ದೂರಿತ್ತು.

1997ರ ಮಾರ್ಚಿನ ಒಂದು ಭಾನುವಾರ ಕಾರು ಹೊರಬಂತು. ಆಫೀಸೊಂದರ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಎಂಜಿನ್ ಗುಡುಗಿದಾಗ ನನಗೆ ರೋಮಾಂಚನವಾಯಿತು. ಕಾರು ಓಡಿತು! ಬ್ರೇಕು ಹಿಡಿಯಿತು! ಗೇರೂ ಬಿತ್ತು! ಶೇಷಾದ್ರಿ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿ, ಕೈ ಬಿಟ್ಟು, ವಿಜಯಿಯಂತೆ ಎರಡೂ ತೋಳು ಮೇಲೆತ್ತಿದ.

ಯಾವ ಕಾರಾದರೂ ತಿರುವು ಮುಗಿದು ಕೈ ಸಡಿಲಿಸಿದರೆ ಸ್ಟೀರಿಂಗು ತಾನಾಗಿ ಹಿಂದಿರುಗಿ ನೇರಕ್ಕೆ ಬರುತ್ತದೆ. ಇದು ಬರಲಿಲ್ಲ. ಬದಲಿಗೆ ಇನ್ನಷ್ಟು ಎಡಕ್ಕೇ ಎಳೆಯಿತು. ಕಾರು ಒಂದು ದೀಪದ ಕಂಬವನ್ನು ಸುತ್ತತೊಡಗಿತು.

"ಪ್ರಸಾದ, ಕೈ ಬಿಟ್ಟಿದೀನಿ ಕಣೋ! ಬರ್ತಾ ಇಲ್ಲ!"

"ಹಿಡ್ಕೊಳೋ ಮತ್ತೆ!" ಎಂದು ನಾನು ಕಾರಿನ ಹಿಂದೆ ಓಡಿದೆ.

ಥರ್ಮಾಸಿನಲ್ಲಿ ಕಾಫಿ ತಂದಿದ್ದ ಉಷಾ ಕದಲದೆ ನಿಂತು ಹೇಳಿದರು: "ರೀ, ಅಪ್ರದಕ್ಷಿಣೆ ಬರ್ತಿದೀರ. ಸುತ್ತೋದೇ ಆದ್ರೆ ಬಲಗಡೆಯಿಂದಾದ್ರೂ ಸುತ್ತಿ."

ಕಾರು ನಿಂತ ಮೇಲೆ ಅವರೇ ತೀರ್ಪನ್ನೂ ಕೊಟ್ಟರು. "ಸ್ಟೀರಿಂಗ್ ಜೊತೆ ಕುಸ್ತಿ ಆಡೋ ಗಂಡನ ಪಕ್ಕ ನಾನು ಕೂರಲ್ಲ. ಕೈ ಬಿಟ್ಟಾಗ ಅದು ತಾನಾಗೇ ನೇರ ಆಗ್ಬೇಕು, ಅವತ್ತು ಕೂರ್ತೀನಿ. ಮೂರು ವಾರ ಟೈಮು. ಆಗ್ಲಿಲ್ಲ ಅಂದ್ರೆ ಅಟ್ಲಾಂಟಾದ ಸುರೇಶ ಈ ಕಾರು ನಂಗೆ ಕೊಡಿ ಅಂತ ಕೇಳ್ತಾನೇ ಇದಾನಲ್ಲ, ಅವನಿಗೆ ಕೊಟ್ಬಿಡಿ."

"ಕೊಡ್ತೀನಿ ಬಿಡು," ಎಂದ ಶೇಷಾದ್ರಿ. ಎರಡು ವರ್ಷ ಹೆಂಡತಿಯ ಗರಾಜು ನುಂಗಿದ್ದಕ್ಕೆ ಅವನೊಳಗೂ ಅಳುಕಿತ್ತು. ಆದರೆ ಹೇಳುವಾಗ ಅವನ ಕೈ ಕಾರಿನ ಮೂತಿಯನ್ನು ಸವರುತ್ತಿದ್ದುದನ್ನು ನಾನು ನೋಡಿದೆ. ಜ್ವರ ಬಂದ ಮಗುವಿನ ಹಣೆಯನ್ನು ಹಾಗೆ ಸವರುತ್ತಾರೆ.

ಮೂರು ವಾರ ಕೋಳಿಗಳನ್ನು ಕೇಳುವವರಿರಲಿಲ್ಲ. ಟೈರಿಗೆ ಗಾಳಿ ಹೆಚ್ಚಿಸಿದ, ಇಳಿಸಿದ. ಸ್ಟೀರಿಂಗಿನ ಕಂಬವನ್ನು ಬಿಚ್ಚಿ ಗ್ರೀಸು ಮೆತ್ತಿದ. ದಾರ ಕಟ್ಟಿ ಮುಂದಿನ ಚಕ್ರಗಳ ನೇರ ಅಳೆದ. ಸೈಕಲ್ಲನ್ನು ತಂದು ನನಗೆ ಪಾಠ ಹೇಳಿದ: "ನೋಡು, ಹ್ಯಾಂಡಲ್ಲಿನ ಕೊಳವೆ ಮೇಲ್ಗಡೆ ಸವಾರನ ಕಡೆಗೆ ವಾಲಿದೆ. ಅದಕ್ಕೇ ಕೈ ಬಿಟ್ರೂ ಸೈಕಲ್ ನೆಟ್ಟಗೆ ಹೋಗತ್ತೆ. ಕಾರಲ್ಲೂ ಅಷ್ಟೇ. ಚಕ್ರ ಹಿಡಿದಿರೋ ಮೇಲಿನ ಕೀಲು ಕೆಳಗಿನ ಕೀಲಿಗಿಂತ ಹಿಂದಿರಬೇಕು. ಪುಸ್ತಕದ ಪ್ರಕಾರವೇ ಜೋಡಿಸಿದೀನಿ, ಆದ್ರೂ ಯಾಕೆ ಮುಂದಿದೆ ಅಂತ ಗೊತ್ತಾಗ್ತಿಲ್ಲ."

"ಇನ್ನೊಂದ್ಸಲ ಗ್ರೀಸ್ ಹಾಕಿದ್ರೆ?" ಎಂದೆ.

ಅವನು ನನ್ನನ್ನು ನೋಡಿದ ರೀತಿಯಲ್ಲಿ, ಈ ಹಕ್ಕಿ ಬದುಕುವುದಿಲ್ಲ ಎಂಬ ವೈದ್ಯಕೀಯ ನಿರ್ಧಾರವಿತ್ತು.

ಕೊನೆಯ ವಾರದ ಗುರುವಾರ ಸಂಜೆ ಅವರ ಮನೆಗೆ ಹೋದಾಗ ಶೇಷಾದ್ರಿ ಫಾರ್ಮಿನಿಂದ ಇನ್ನೂ ಬಂದಿರಲಿಲ್ಲ. ಶನಿವಾರ ಬೆಳಿಗ್ಗೆ ಸುರೇಶ ಟ್ರೇಲರ್ ತರುವುದು ಗಟ್ಟಿಯಾಗಿತ್ತು. ಉಷಾ ಒಂದು ತಟ್ಟೆ ಅವಲಕ್ಕಿ ಕೊಟ್ಟು, ಹೊತ್ತು ಕಳೆಯಲೆಂದು ಫೋಟೋ ಆಲ್ಬಮ್ಮನ್ನೂ ಕೊಟ್ಟರು. ಹಿಂದಿನ ಅಕ್ಟೋಬರಿನ ಆಯುಧಪೂಜೆ. ಆಗ ಕಾರಿನ್ನೂ ಬಿಡಿಭಾಗಗಳ ರಾಶಿ. ಶೇಷಾದ್ರಿ ಅವನ್ನೆಲ್ಲ ಗರಾಜಿನ ನೆಲದ ಮೇಲೆ, ಕಾರಿನಲ್ಲಿ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲೇ ಇಟ್ಟಿದ್ದ. ಒಂದೊಂದಕ್ಕೂ ಬಿಳಿ ಟೇಪು ಅಂಟಿಸಿ, ಮೇಲೆ ಎಡ, ಬಲ ಎಂದು ಬರೆದಿದ್ದ.

ಎರಡನೆಯ ಫೋಟೋ ಪೂಜೆಯ ಹೊತ್ತಿನದು. ಅರಿಶಿನ, ಕುಂಕುಮ, ಸೇವಂತಿಗೆ. ಟೇಪು ಎಲ್ಲೂ ಇಲ್ಲ.

ಅವಲಕ್ಕಿ ತಟ್ಟೆ ಪಕ್ಕಕ್ಕಿಟ್ಟು ಎರಡೂ ಫೋಟೋಗಳನ್ನು ಜೊತೆಗಿಟ್ಟು ನೋಡಿದೆ. ಮುಂದಿನ ಚಕ್ರಗಳನ್ನು ಮೇಲಿನಿಂದ ಹಿಡಿಯುವ, ಕವಲೊಡೆದ ಎರಡು ಉಕ್ಕಿನ ತೋಳುಗಳಿವೆ. ಕೋಳಿಯ ಎದೆಯ ಕವಲುಮೂಳೆಯ ಆಕಾರದವು. ಮೊದಲ ಫೋಟೋದಲ್ಲಿ ಅವುಗಳ ತುದಿ ಹಿಂದಕ್ಕೆ, ಗರಾಜಿನ ಹಿಂಗೋಡೆಯಲ್ಲಿದ್ದ ನೀರು ಕಾಯಿಸುವ ಹಂಡೆಯ ಕಡೆಗೆ ಬಾಗಿತ್ತು. ಎರಡನೆಯದರಲ್ಲಿ ಎರಡೂ ಮುಂದಕ್ಕೆ, ಕ್ಯಾಮೆರಾದ ಕಡೆಗೆ ಬಾಗಿದ್ದವು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು!

ಹೇಗಾಯಿತೆಂದು ನನಗೆ ಗೊತ್ತಿತ್ತು. ಆ ದಿನ ಉಷಾ, "ಟೇಪ್ ಮೆತ್ತಿರೋದನ್ನ, ಎಣ್ಣೆ ಮೆತ್ತಿರೋದನ್ನ ಹೇಗ್ರೀ ಪೂಜೆಗೆ ಇಡೋದು? ಯಾರಾದ್ರೂ ತೊಳ್ಕೊಡಿ," ಎಂದಿದ್ದರು. ಭಕ್ತಿಯಿಂದ ಟೇಪು ಕಿತ್ತು, ಸೋಪು ಹಚ್ಚಿ ತೊಳೆದು, ಒರೆಸಿ, ನೋಡಲು ಚೆಂದ ಕಾಣುವಂತೆ ಇಟ್ಟವನೊಬ್ಬನಿದ್ದ. ಆಗ ಶೇಷಾದ್ರಿ ಒಳಗೆ ಮಡಿ ಪಂಚೆ ಉಡುತ್ತಿದ್ದ. ಬಂದವನು ಆರತಿ ಎತ್ತಿದ. ಆಮೇಲೆ ಯಾವುದು ಎಲ್ಲಿತ್ತೋ ಅಲ್ಲಿಗೇ ಅದನ್ನು ಬಿಗಿದ.

ಹೇಳಲೋ ಬೇಡವೋ ಎಂದು ಯೋಚಿಸಿದೆ. ಸುಳ್ಳೇಕೆ, ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಯೋಚಿಸಿದೆ. ಅಷ್ಟರಲ್ಲಿ ಶೇಷಾದ್ರಿಯ ವ್ಯಾನು ಬಂತು. ಆಲ್ಬಮ್ ಹಿಡಿದು ಹೊರಗೋಡಿದೆ.

"ಶೇಷ! ತೋಳು ಅದಲುಬದಲಾಗಿದೆ ಕಣೋ! ಪೂಜೆಗೆ ತೊಳೆದಾಗ ಆಗಿದ್ದು!"

ಅವನು ಫೋಟೋಗಳನ್ನು ಬಿಸಿಲಿಗೆ ಹಿಡಿದು ನೋಡಿದ. ಮತ್ತೆ ನೋಡಿದ. ಬೂಟಿಗಂಟಿದ್ದ ಕೋಳಿ ಪುಕ್ಕದ ಸಮೇತ ಗರಾಜಿಗೆ ನುಗ್ಗಿ ಕಾರಿನಡಿ ಮಲಗಿದ. ಕೆಳಗಿನಿಂದ ಬಂದದ್ದು ಬೈಗುಳವಲ್ಲ, ನಗು. "ಅಯ್ಯೋ ನನ್ನ ಬುದ್ಧಿಗಿಷ್ಟು! ಜೀವಮಾನವಿಡೀ ಇದೇ ಮೂಳೆ ನೋಡಿದೀನಲ್ಲೋ! ಒಳಗಡೆ ಇನ್ನೂ ಕುಂಕುಮ ಇದೆ ಕಣೋ! ಸರಿ, ತೊಳೆದೋರು ಯಾರು?"

ನಾನು ನಟ್ಟು ಬಿಚ್ಚುವ ಪಾನಾ ಹುಡುಕುವುದರಲ್ಲಿ ತುಂಬಾ ಮಗ್ನನಾದೆ.

"ಮೂರನೇ ಫೋಟೋ ನೋಡಿ," ಎಂದರು ಬಾಗಿಲಲ್ಲಿ ನಿಂತಿದ್ದ ಉಷಾ. ಪ್ಯಾಂಟು ಮಂಡಿಗೇರಿಸಿ, ನೀರಿನ ಪೈಪು ಹಿಡಿದು, ಬಕೆಟ್ಟಿನ ಪಕ್ಕದಲ್ಲಿ ನಾನು ಹಲ್ಲು ಕಿರಿಯುತ್ತಿದ್ದೆ.

ಶುಕ್ರವಾರ ಶೇಷಾದ್ರಿ ರಜೆ ಹಾಕಿದ. ತೋಳುಗಳನ್ನು ಬಿಚ್ಚಿ ಅದಲುಬದಲು ಮಾಡಿ, ಮತ್ತೆ ದಾರ ಕಟ್ಟಿ ಚಕ್ರಗಳ ನೇರ ಸರಿಪಡಿಸಿದ. ನನಗೆ ಟಾರ್ಚು ಕೂಡ ಕೊಡಲಿಲ್ಲ.

ಶನಿವಾರ ಅದೇ ಪಾರ್ಕಿಂಗ್ ಲಾಟು. ಮುಂಜಾನೆಯೇ ಅಟ್ಲಾಂಟಾ ಬಿಟ್ಟಿದ್ದ ಸುರೇಶ ಟ್ರೇಲರಿಗೊರಗಿ ನಿಂತಿದ್ದ. "ಅಂಕಲ್, ಓಡಿಸಿ ತೋರಿಸ್ಬಿಡಿ, ಲೋಡ್ ಮಾಡೋಣ," ಎಂದ. ಶೇಷಾದ್ರಿ ಕಾರಿನೊಳಗೆ ಇಳಿದು ಕೂತ. ಹತ್ತು ಮೈಲಿ ವೇಗದಲ್ಲಿ ಹೊರಟು, ಕಂಬದ ಬಳಿ ಎಡಕ್ಕೆ ಪೂರ್ತಿ ತಿರುಗಿಸಿ, ಎರಡೂ ಕೈ ಮೇಲೆತ್ತಿದ.

ಸ್ಟೀರಿಂಗು ಒಂದು ಕ್ಷಣ ತಡೆದು ನಿಂತಿತು. ಆಮೇಲೆ ಜಾರತೊಡಗಿತು. ಕಾಲು ಸುತ್ತು, ಅರ್ಧ ಸುತ್ತು, ಕೊನೆಗೆ ನೇರ! ಕಾರು ಕಂಬವನ್ನು ಬಿಟ್ಟು, ಗೆರೆ ಎಳೆದಂತೆ ನಮ್ಮ ಕಡೆಗೇ ಬಂತು. ನಾನು ಕಿರುಚಿದೆ. ಸುರೇಶ, ತನಗೇನು ನಷ್ಟವಾಗುತ್ತಿದೆ ಎಂದು ತಿಳಿಯುವ ಮೊದಲೇ ಚಪ್ಪಾಳೆ ತಟ್ಟಿದ.

ಉಷಾ ಥರ್ಮಾಸನ್ನು ನನ್ನ ಕೈಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಿಲಿಲ್ಲದ ಆ ಕಾರಿಗೆ ಕಾಲೆತ್ತಿ ಇಳಿದು ಕೂತರು.

"ಬಲಗಡೆ ತಿರುಗಿಸಿದ್ರೂ ನೇರಕ್ಕೆ ಬರತ್ತಾ?"

"ಬರತ್ತೆ ಕಣೇ."

"ಬಿಟ್ಟು ತೋರ್ಸಿ."

ಅವನು ಬಿಟ್ಟು ತೋರಿಸಿದ. ಅವರು ಮತ್ತೆ ಅಂದರು, ಅವನು ಮತ್ತೆ ಬಿಟ್ಟ. ಐದನೆಯ ಸುತ್ತಿಗೆ ಉಷಾರ ಕೈಗಳೂ ಮೇಲೆದ್ದವು. ಸೊಂಟದಿಂದ ಬಿಚ್ಚಿಕೊಂಡು ಹಾರುವ ಸೆರಗಿನ ಹಿಂದೆ ಸುರೇಶ, "ಅಂಕಲ್, ನಂಗೆ ಕಾರು?" ಎಂದು ಕೂಗುತ್ತಿದ್ದ. ನಾನು ಅವನಿಗೆ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟೆ.