ಹನ್ನೆರಡನೇ ಗುಡ್ಡೆ

ಯಂತ್ರದ ಬ್ಯಾಟರಿ ಕೈಕೊಡಬಹುದಿತ್ತು. ಡಬ್ಬಿಯಲ್ಲಿನ ಐಸು ಕರಗಬಹುದಿತ್ತು. ಜೀಪು ಮಿಡಿಗೇಶಿ ದಾಟಿದ ಮೇಲೆ ಪಂಕ್ಚರ್ ಆಗಬಹುದಿತ್ತು. ಹಟ್ಟಿಯವರು ನಮ್ಮನ್ನು ಓಡಿಸಬಹುದಿತ್ತು. ಅವರು ಸುಮ್ಮನಿದ್ದರೂ ಅವರ ನಾಯಿಗಳು ಸುಮ್ಮನಿರಬೇಕಲ್ಲ. ಕೈಗವಸು ಹರಿದು ರೋಗ ನನಗೇ ಅಂಟಬಹುದಿತ್ತು. ಶನಿವಾರ ಬೆಳಿಗ್ಗೆ ಆರೂವರೆಗೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ನಿಂತಾಗ ಇವೆಲ್ಲ ನನ್ನ ಜೇಬಿನ ಚೀಟಿಯಲ್ಲಿದ್ದವು. ಐವತ್ತೊಂದು ವರ್ಷವಾದರೂ ಚೀಟಿ ಬರೆಯದೆ ನಾನು ತೋವಿನಕೆರೆ ಸಂತೆಗೂ ಹೋದವನಲ್ಲ.

ನಾನು ಕೊರಟಗೆರೆ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್. ಹಿಂದಿನ ಸಂಜೆ ಮಧುಗಿರಿಯ ಡಾಕ್ಟರಿಗೆ ಒಂದು ಫೋಟೋ ಬಂದಿತ್ತು: ಪಾವಗಡದ ಕಡೆಯ ಕುರಿಗಾರ ಈರಣ್ಣನ ಬೆರಳ ಮೇಲೆ ನೋವಿಲ್ಲದ ಕಪ್ಪು ಹುಣ್ಣು. ಹೋದ ವಾರ ದಿಢೀರನೆ ಸತ್ತ ಕುರಿಯೊಂದರ ಚರ್ಮವನ್ನು ಆತ ಸುಲಿದಿದ್ದ. ಶುಕ್ರವಾರ ಬೆಳಿಗ್ಗೆ ಇನ್ನೊಂದು ಕುರಿ ಹಾಗೇ ಸತ್ತಿತ್ತು, ಅದರ ಬಾಡನ್ನು ಊರಿಗೆಲ್ಲ ಹಂಚಿಯೂ ಆಗಿತ್ತು. ನೆರಡಿ ರೋಗವಾಗಿದ್ದರೆ, ಅಂದರೆ ಆಂಥ್ರಾಕ್ಸ್, ಚರ್ಮದ ಹುಣ್ಣು ಮಾತ್ರೆಗೆ ವಾಸಿಯಾಗುತ್ತದೆ. ಹೊಟ್ಟೆಗೆ ಹೋದರೆ ಜೀವವನ್ನೇ ತೆಗೆಯಬಹುದು. ಬಾಡು ಹೋದ ಮನೆಗಳನ್ನೆಲ್ಲ ಅಂದೇ ಹುಡುಕಬೇಕಿತ್ತು.

ಮಧುಗಿರಿಗೆ ಮುಕ್ಕಾಲು ಗಂಟೆಯ ದಾರಿ. ನನ್ನ ತೊಡೆಯ ಮೇಲಿದ್ದ ಪೆಟ್ಟಿಗೆಯನ್ನು ನೋಡಿ ಕಂಡಕ್ಟರ್, ಒಳಗಿರುವುದು ಕೋಳಿಯಾದರೆ ಟಿಕೆಟ್ ತಗೊಳ್ಳಿ ಎಂದರು. ರೋಗ ಪತ್ತೆ ಮಾಡುವ ಯಂತ್ರ ಎಂದೆ. ಪಕ್ಕದಲ್ಲಿದ್ದಾತ ಎದ್ದು ಹಿಂದಿನ ಸೀಟಿಗೆ ಹೋದ. ಕಾಲು ಚಾಚಿಕೊಂಡು ಕುಳಿತೆ.

ಮಧುಗಿರಿಯಲ್ಲಿ ಎರಡು ಇಡ್ಲಿ ತಿಂದೆ. ಮೂರನೆಯದಕ್ಕೆ ಹೊಟ್ಟೆ ಕೆಟ್ಟರೆ ಎಂಬ ಭಯ. ಜೀಪಿನಲ್ಲಿ ಶಬಾನಾ ಕಾದಿದ್ದರು. ಸಿರಾದವರು, ರೋಗ ಹರಡಿದ ಜಾಡು ಹಿಡಿಯುವ ಕೆಲಸ ಅವರದು. ಪ್ರತಿ ಮನೆಯನ್ನೂ ನಕ್ಷೆಯ ಮೇಲೆ ಕೆಂಪು ಚುಕ್ಕಿಯಾಗಿ ಗುರುತಿಸುವ ಆ್ಯಪನ್ನು ಹಿಂದಿನ ಸಂಜೆಯೇ ನನ್ನ ಫೋನಿಗೆ ಕಳಿಸಿದ್ದರು. "ಬಳಸೋದು ಗೊತ್ತಾಯ್ತಾ ಸಾರ್?" ಎಂದರು. ಮನೆಯಲ್ಲೇ ಅಭ್ಯಾಸ ಮಾಡಿದ್ದೇನೆ ಎಂದು ಜಂಬದಿಂದ ಹೇಳಿದೆ.

ಮಿಡಿಗೇಶಿಯ ಕೋಟೆಬೆಟ್ಟ ಹಿಂದೆ ಸರಿಯಿತು. ಬಿಸಿಲು ಒಂಬತ್ತಕ್ಕೇ ಚುರುಗುಟ್ಟುತ್ತಿತ್ತು. ಹತ್ತರ ಹೊತ್ತಿಗೆ ಹಟ್ಟಿ ತಲುಪಿದೆವು. ಅದರ ಹೆಸರು ಬರೆಯುವುದಿಲ್ಲ, ಆಮೇಲೆ ಅಲ್ಲಿಯವರಿಗೆ ಹೆಣ್ಣು ಕೊಡುವವರು ಹಿಂದೆಮುಂದೆ ನೋಡಿಯಾರು. ನಾಯಿಗಳು ನೆರಳು ಬಿಟ್ಟು ಏಳಲಿಲ್ಲ.

ಈರಣ್ಣ ಬೆರಳು ಚಾಚಿ, "ಏಮಿ ಕಾದು ಸಾರ್, ಏನೂ ಆಗಿಲ್ಲ, ಮುಳ್ಳು ಚುಚ್ಚಿರ್ಬೇಕು" ಎಂದ. ಕೈಗವಸಿನ ಮೇಲೊಂದು ಕೈಗವಸು ಹಾಕಿ ಹುಣ್ಣಿನ ದ್ರವ ತೆಗೆದೆ. ಮೊದಲಾದರೆ ಇದು ಬೆಂಗಳೂರಿಗೆ ಹೋಗಿ ಉತ್ತರ ಬರಲು ದಿನಗಳೇ ಬೇಕಿತ್ತು. ಈಗ ಶಾಲೆಯ ಜಗುಲಿಯ ಮೇಲೆ, ಕರೆಂಟಿಲ್ಲದ ಹೊತ್ತಿನಲ್ಲಿ, ಬ್ಯಾಟರಿಯ ಮೇಲೆಯೇ ಯಂತ್ರ ಗುಯ್ಗುಟ್ಟಿತು. ನಾನು ಒಂದು ಗಂಟೆ ಅದರ ಹಸಿರು ದೀಪವನ್ನೇ ನೋಡುತ್ತ ಕುಳಿತೆ. ನೆರಡಿಯೇ ಎಂದಿತು. ಡಾಕ್ಟರ್ ಫೋನಿನಲ್ಲೇ ಈರಣ್ಣನ ಕೈ ನೋಡಿ ಮಾತ್ರೆ ಹೇಳಿದರು. ಬಾಡು ತಂದ ಮನೆಯವರೆಲ್ಲರಿಗೂ ಮಾತ್ರೆ ಕೊಡಬೇಕು, ಉಳಿದ ಬಾಡನ್ನು ಸುಣ್ಣ ಹಾಕಿ ಹೂಳಬೇಕು ಎಂದರು.

ಇಲ್ಲಿ ಬಾಡನ್ನು ತಕ್ಕಡಿಯಲ್ಲಿ ತೂಗುವುದಿಲ್ಲ. ಎಲೆ ಹಾಸಿ, ಪ್ರತಿ ಎಲೆಗೂ ಮೂಳೆ, ಕೊಬ್ಬು, ಲಿವರ್ ಎಲ್ಲ ಸಮನಾಗಿ ಬರುವಂತೆ ಕೈಯಂದಾಜಿನಲ್ಲೇ ಗುಡ್ಡೆ ಹಾಕುತ್ತಾರೆ. ಹಾಕಿದ್ದು ಈರಣ್ಣನ ಹೆಂಡತಿ ಸಣ್ಣಕ್ಕ. ಎಷ್ಟು ಗುಡ್ಡೆ ಎಂದರೆ ತಡವರಿಸದೆ ಹನ್ನೆರಡು ಎಂದಳು. ಯಾರು ಯಾರು ಒಯ್ದರು ಎಂದರೆ ಮಾತ್ರ, "ಅವರವರೇ ಎತ್ಕಂಡೋದ್ರು ಬುಡಿ ಸಾ" ಎಂದು ಸೆರಗು ಸರಿಪಡಿಸಿಕೊಂಡಳು.

ಮನೆಮನೆ ತಿರುಗಿದೆವು. ಕೆಲವರು ಆಗಲೇ ಉಂಡಿದ್ದರು, ಕೆಲವರು ಭಾನುವಾರಕ್ಕೆಂದು ಎತ್ತಿಟ್ಟಿದ್ದರು. ಒಬ್ಬಜ್ಜ, ನಾನು ಸತ್ತ ಕುರಿ ತಿಂದೇ ಎಂಬತ್ತು ಮುಟ್ಟಿದವನು ಎಂದು ವಾದಿಸುತ್ತಲೇ ಮಾತ್ರೆ ನುಂಗಿದ. ಎರಡೂವರೆಗೆ ಶಬಾನಾರ ಫೋನು ಹನ್ನೆರಡು ಮನೆ ಎಂದು ತೋರಿಸಿತು. ಲೆಕ್ಕ ಸರಿಹೋಯಿತು. ಚೀಟಿ ತೆಗೆದು ಒಂದೊಂದೇ ಭಯವನ್ನು ಹೊಡೆದುಹಾಕುತ್ತ, ಹಾಲಿಲ್ಲದ ಚಹಾ ಕುಡಿದೆ. ಅಷ್ಟು ರುಚಿಯ ಚಹಾ ಕುಡಿದು ಬಹಳ ದಿನವಾಗಿತ್ತು.

ಆಗ ಮನೆಯಿಂದ ಹೆಂಡತಿಯ ಫೋನು ಬಂತು.

"ಯಾರೋ ಹುಡುಗಿ ಫೋನ್ ಮಾಡಿದ್ಲು. ನಮ್ಮನೇಲಿ ಸತ್ತ ಕುರಿ ಬಾಡು ತಿಂದೋರು ಎಷ್ಟು ಜನ ಅಂತ ಕೇಳ್ತಾಳೆ. ಯಾವಾಗ ತಂದಿದ್ರಿ ರೀ?"

ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. ಹಿಂದಿನ ಸಂಜೆ ಅಭ್ಯಾಸಕ್ಕೆಂದು ಆ್ಯಪಿನಲ್ಲಿ ನನ್ನ ಮನೆಯ ವಿವರವನ್ನೇ ತುಂಬಿ ಗುಂಡಿ ಒತ್ತಿದ್ದೆ. ಚುಕ್ಕಿ ಬಿದ್ದ ಮನೆಗೆಲ್ಲ ಆರೋಗ್ಯ ಇಲಾಖೆಯಿಂದ ಫೋನು ಹೋಗುತ್ತದಂತೆ. ಶಬಾನಾ ನಕ್ಷೆಯನ್ನು ಕಿರಿದು ಮಾಡಿ ಸರಿಸಿದರು. ದೂರದ ಕೊರಟಗೆರೆಯಲ್ಲಿ ಒಂಟಿ ಕೆಂಪು ಚುಕ್ಕಿ. ಹಟ್ಟಿಯಲ್ಲಿದ್ದದ್ದು ಹನ್ನೊಂದೇ. ಒಂದು ಗುಡ್ಡೆ ಇನ್ನೂ ಎಲ್ಲೋ ಇತ್ತು.

ಸಣ್ಣಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು. ಶಬಾನಾ ಪಕ್ಕದಲ್ಲಿ ಕೂತು, ಯಾರಿಗೆ ಕಳಿಸಿದ್ದೆ ಅಕ್ಕಾ ಎಂದು ಮೆಲ್ಲಗೆ ಕೇಳಿದರು.

"ಬಡವನಹಳ್ಳೀಲಿ ಮಗಳವ್ಳೆ ಕಣಮ್ಮ. ಐದು ತಿಂಗಳ ಬಸುರಿ. ದೇವ್ರಿಗೆ ಕುಯ್ದಿದ್ದು ಅಂತ ಹೇಳಿ ನೆನ್ನೆ ಬಸ್ಸಲ್ಲಿ ಕಳಿಸ್ದೆ. ಸತ್ತದ್ದು ಅಂತ ಬೀಗರಿಗೆ ಗೊತ್ತಾದ್ರೆ ನನ್ ಮಗಳು ಅಲ್ಲಿ ಹೆಂಗ್ ತಲೆ ಎತ್ಕಂಡು ಬಾಳ್ತಾಳೆ?"

ಶಬಾನಾ ಆಕೆಯ ಕೈಲೇ ವಿಡಿಯೊ ಕರೆ ಮಾಡಿಸಿದರು. ಮಗಳು ನಗುತ್ತ ಬಂದಳು. ಬಾಡು ತಿಂದೆಯಾ ಎಂದು ಶಬಾನಾ ಕೇಳಿದರು.

"ಇಲ್ಲಮ್ಮ, ನೆನ್ನೆ ತಲುಪೋ ಒತ್ಗೆ ಅಡ್ಗೆ ಆಗೋಗಿತ್ತು. ಇವತ್ತು ಶನಿವಾರ, ನಮ್ಮತ್ತೆ ಬಾಡು ಮುಟ್ಟಲ್ಲ. ಫ್ರಿಡ್ಜಲ್ಲೈತೆ, ನೋಡಿ."

ಕಟ್ಟಿದ ಗಂಟು ಕಟ್ಟಿದಂತೆಯೇ ಇತ್ತು. ಸಣ್ಣಕ್ಕ ಫೋನನ್ನು ಕಣ್ಣಿಗೊತ್ತಿಕೊಂಡಳು. ಅದನ್ನು ಯಾರೂ ಮುಟ್ಟಬೇಡಿ, ಕೈ ತೊಳೆದುಕೊಳ್ಳಿ, ಡಾಕ್ಟರ್ ಹೇಳಿದ ಮಾತ್ರೆ ತರುತ್ತೇನೆ ಎಂದ ಶಬಾನಾ, ಈ ಕಡೆಯ ಮಂದೆಗಳಿಗೆಲ್ಲ ರೋಗ ಬಂದಿದೆ, ಇಲ್ಲಿಂದ ಹೋದ ಬಾಡನ್ನೆಲ್ಲ ಹೂಳುತ್ತಿದ್ದೇವೆ ಎಂದು ಅತ್ತೆಗೆ ತಿಳಿಸಿದರು. ಕುರಿ ಹೇಗೆ ಸತ್ತಿತೆಂದು ಯಾರೂ ಕೇಳಲಿಲ್ಲ.

ಮಧುಗಿರಿಯಲ್ಲಿ ನಾನು ಇಳಿದೆ. ಶಬಾನಾ ಬಡವನಹಳ್ಳಿಯ ಮೇಲೆ ಸಿರಾಕ್ಕೆ ಹೋದರು. ಎಂಟಕ್ಕೆ ಮನೆ ತಲುಪುವ ಹೊತ್ತಿಗೆ ಅವರ ಸಂದೇಶ ಬಂದಿತ್ತು: ಹನ್ನೆರಡನೆಯದನ್ನೂ ಹೂತಾಯಿತು.

ಬ್ಯಾಟರಿ ಬಾಳಿತು, ಐಸು ಕರಗಲಿಲ್ಲ, ಟೈರು ಗಟ್ಟಿಯಾಗಿತ್ತು. ಕೆಟ್ಟದ್ದು ಚೀಟಿಯಲ್ಲಿ ಇಲ್ಲದ್ದೊಂದೇ. ನನ್ನ ಮನೆಯ ಚುಕ್ಕಿಯನ್ನು ಅಳಿಸಲು ಬರುವುದಿಲ್ಲವಂತೆ, ನಿಗಾ ಅವಧಿ ಮುಗಿದ ಮೇಲೆ ತಾನಾಗಿಯೇ ಹೋಗುತ್ತದಂತೆ. ಅಲ್ಲಿಯತನಕ ದಿನಾ ಬೆಳಿಗ್ಗೆ ಹತ್ತಕ್ಕೆ ಆ ಹುಡುಗಿ ಫೋನು ಮಾಡಿ, ಜ್ವರ ಇದೆಯಾ ಸಾರ್ ಎಂದು ಕೇಳುತ್ತಾಳೆ. ನಾನೂ ಬಾಯಿಗೆ ಬಂದದ್ದನ್ನು ಹೇಳುವುದಿಲ್ಲ. ಒಂದು ನಿಮಿಷ ಇರಮ್ಮ ಎಂದು, ಥರ್ಮಾಮೀಟರ್ ಇಟ್ಟು ನೋಡಿಯೇ ಹೇಳುತ್ತೇನೆ.