ಯುವರಾಜನ ಊರು ಯಾವುದು

ನನ್ನ ಮಗಳ ಗಂಟಲು ಅಷ್ಟು ದೊಡ್ಡದಾದದ್ದು ಮಗ್ಗದ ದೆಸೆಯಿಂದ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೊಂದು ಮಗ್ಗದ ಶೆಡ್ಡು, ನಮ್ಮ ಶೆಡ್ಡಿನಲ್ಲಿ ಕರೆಂಟಿನಲ್ಲಿ ಓಡುವ ನಾಲ್ಕು ಮಗ್ಗ. ನಾಲ್ಕೂ ಒಟ್ಟಿಗೆ ಓಡುವಾಗ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳುವುದಿಲ್ಲ. ನಾನೂ ನನ್ನ ಗಂಡನೂ ಮದುವೆಯಾದ ಹೊಸತರಿಂದ ಆ ಶೆಡ್ಡಿನೊಳಗೆ ಕೈಸನ್ನೆಯಲ್ಲೇ ಸಂಸಾರ ಮಾಡಿದವರು. ಕಾಫಿ ಬೇಕಾದರೆ ಹೆಬ್ಬೆರಳು ಬಾಯಿಗೆ ಹೋಗುತ್ತದೆ, ನೂಲು ಮುಗಿದರೆ ಖಾಲಿ ಅಂಗೈ ಕಾಣಿಸುತ್ತದೆ, ಸಿಟ್ಟು ಬಂದರೆ ಬೆನ್ನು ಕಾಣಿಸುತ್ತದೆ. ಮಗಳು ಮಾತ್ರ ಈ ಸನ್ನೆಗಳನ್ನು ಕಲಿಯಲೇ ಇಲ್ಲ. ಹಸಿವಾದರೂ ಬಿದ್ದರೂ ನಾಲ್ಕು ಮಗ್ಗವನ್ನು ಮೀರಿಸಿ ಕೂಗುತ್ತಿದ್ದಳು. ಕೂಗಿ ಕೂಗಿ ಒಂದು ದಿನ ಹಾಡತೊಡಗಿದಳು.

ಅವಳಿಗೆ ಹತ್ತು ತುಂಬಿದ ವರ್ಷ ಒಬ್ಬ ಹಾರ್ಮೋನಿಯಂ ಮೇಷ್ಟ್ರು ನಮ್ಮ ಗೇಟಿನ ಮುಂದೆ ಮೊಪೆಡ್ ನಿಲ್ಲಿಸಿದರು. ಬೂದಿಗೆರೆಯಿಂದ ಅನುಗೊಂಡನಹಳ್ಳಿಯವರೆಗೆ ಊರೂರು ಸುತ್ತಿ, ಹೊಲ ಉಳುವವರಿಗೂ ಆಫೀಸಿಗೆ ಹೋಗುವವರಿಗೂ ನಾಟಕ ಕಲಿಸುವವರು. ತಾವೇ ಬರೆದ ಹೊಸ ನಾಟಕಕ್ಕೆ ಒಬ್ಬ ಪುಟ್ಟ ಯುವರಾಜ ಬೇಕಾಗಿದ್ದನಂತೆ. ನೋಡಿದ ಹುಡುಗರ ದನಿ ಎರಡನೇ ಸಾಲಿಗೂ ತಲುಪುತ್ತಿರಲಿಲ್ಲವಂತೆ. ಒಳಗೆ ಯಾರು ಹಾಡುತ್ತಿರುವುದು ಎಂದು ಕೇಳಿದರು. ನಾನು ಮಗಳನ್ನು ಎಳೆದು ತಂದು ನಿಲ್ಲಿಸಿದೆ. ಮೇಷ್ಟ್ರು ಅವಳನ್ನು ಮೇಲಿಂದ ಕೆಳಗೆ ನೋಡಿ, ಇಷ್ಟು ಸಣ್ಣ ಡಬ್ಬಿಯಲ್ಲಿ ಅಷ್ಟು ದೊಡ್ಡ ಸದ್ದಾ ಎಂದು ನಕ್ಕರು. ಆ ಗಳಿಗೆಯಿಂದ ನನಗೆ ನಿದ್ದೆ ಕಡಿಮೆಯಾಯಿತು, ಮಾತು ಜಾಸ್ತಿಯಾಯಿತು.

ನಾಟಕ ಒಂದು ಭಾನುವಾರ ಮಧ್ಯಾಹ್ನ, ನಮ್ಮೂರಿನ ಸಮುದಾಯ ಭವನದಲ್ಲಿ. ಬಾಡಿಗೆ ಕಿರೀಟ ಅವಳ ತಲೆಗೆ ದೊಡ್ಡದಾಗಿ, ಒಳಗೆ ಟವೆಲ್ ತುರುಕಿ ಕೂರಿಸಿದೆವು. ಪರದೆ ಎದ್ದಿತು. ಮೇಷ್ಟ್ರು ಹಾರ್ಮೋನಿಯಂ ಮೇಲೆ ಬೆರಳಿಟ್ಟರು, ನನ್ನ ಮಗಳು ಬಾಯಿ ತೆರೆದಳು. ಭವನದ ಹಿಂದಿನ ಬಾಗಿಲಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಒಳಗೆ ಬಂದರು. ಹಾಡು ಮುಗಿಯುವ ಮೊದಲೇ ಒನ್ಸ್ ಮೋರ್ ಎಂಬ ಕೂಗೆದ್ದಿತು. ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ. ಕೆಳಗಿಳಿಸಲು ಗಂಡ ಸೆರಗು ಎಳೆಯುತ್ತಿದ್ದರೂ ನನಗೆ ಅದರ ಪರಿವೆ ಇರಲಿಲ್ಲ.

ನಮ್ಮ ಕಡೆ ನಾಟಕದಲ್ಲಿ ಹಾಡು ಮೆಚ್ಚಿದವರು ಪಾತ್ರಧಾರಿಗೆ ಹಾರ ಹಾಕಿಸುತ್ತಾರೆ. ಹಾರದ ಜೊತೆ ಒಂದು ಚೀಟಿ ಹೋಗುತ್ತದೆ. ಹಾಕಿದವರು ಯಾರು, ಹಾಕಿಸಿಕೊಂಡವರು ಯಾರ ಮಕ್ಕಳು, ಯಾವ ಊರು ಎಂದು ಅದರಲ್ಲಿ ಬರೆದಿರುತ್ತದೆ, ಮೈಕಿನವರು ಅದನ್ನು ಎಲ್ಲರಿಗೂ ಕೇಳುವಂತೆ ಓದುತ್ತಾರೆ. ನಾನೂ ಒಂದು ಹಾರ ಕೊಟ್ಟು ಚೀಟಿ ಬರೆದೆ. ಏನೇನು ಬರೆದೆ ಎಂದು ಆಗ ಯಾರಾದರೂ ಕೇಳಿದ್ದರೆ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ, ಖುಷಿಯಲ್ಲಿ ಅಷ್ಟು ಮೈಮರೆತಿದ್ದೆ. ಚೀಟಿ ಉದ್ದವಾಗಿತ್ತೆಂಬುದು ಮಾತ್ರ ನೆನಪಿದೆ. ಮಗಳು ಎರಡನೇ ಸಲ ಹಾಡು ಎತ್ತಿಕೊಂಡಾಗಲೂ ಮೈಕಿನವರು ಹಿಂದೆ ಅದನ್ನು ಓದುತ್ತಲೇ ಇದ್ದರು. ನಾನು ಮೊಬೈಲಿನಲ್ಲಿ ಹಾಡನ್ನು ಹಿಡಿಯುತ್ತಾ ಇದ್ದೆ.

ಅದನ್ನು ಲೋಕಕ್ಕೆ ತೋರಿಸದೆ ಇರುವುದು ನನ್ನಿಂದ ಆಗದ ಮಾತು. ಆದರೆ ನಾನು ದಡ್ಡಿಯಲ್ಲ, ಅಥವಾ ಹಾಗೆಂದುಕೊಂಡಿದ್ದೆ. ಮಕ್ಕಳ ವಿಡಿಯೋ ಹಾಕಿ ತೊಂದರೆಗೆ ಸಿಕ್ಕವರ ಕಥೆ ಕೇಳಿದ್ದೆ. ಹಾಗಾಗಿ ಖಾತೆಗೆ ಮಗಳ ಹೆಸರಿಡದೆ ಪುಟ್ಟ ಯುವರಾಜ ಎಂದಿಟ್ಟೆ. ಅಮ್ಮ ನೋಡಿಕೊಳ್ಳುವ ಖಾತೆ ಎಂದು ಮೇಲೆಯೇ ಬರೆದೆ. ಪಾಸ್‌ವರ್ಡ್ ಅವಳಿಗೆ ಕೊಡಲಿಲ್ಲ. ಯೂನಿಫಾರ್ಮಿನ ಫೋಟೋ ಇಲ್ಲ, ಮನೆಯ ಫೋಟೋ ಇಲ್ಲ, ಗೋಡೆಯ ಮೇಲಿದ್ದ ಭವನದ ಹೆಸರು ಕೂಡ ಕಾಣದಂತೆ ವಿಡಿಯೋವನ್ನು ಕತ್ತರಿಸಿದೆ. ಮಗ್ಗದ ಪಕ್ಕ ಕೂತು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಾ, ಮೂವತ್ತು ಸಲವಾದರೂ ನೋಡಿ ಪರೀಕ್ಷೆ ಮಾಡಿದೆ. ಆ ಗದ್ದಲದಲ್ಲಿ ಕೂಡ ಮಗಳ ದನಿ ಮಾತ್ರ ಖಣಖಣ ಕೇಳುತ್ತಿತ್ತು. ಬೆರಳೊತ್ತಿ ಹಾಕಿಯೇಬಿಟ್ಟೆ.

ಆಮೇಲಿನ ಮೂರು ದಿನ ನಮ್ಮ ಮನೆಯಲ್ಲಿ ಹಬ್ಬ. ಸಂಜೆಯೊಳಗೆ ನೋಡಿದವರು ಸಾವಿರ ದಾಟಿದರು, ಮರುದಿನ ಲೆಕ್ಕ ನೋಡುವುದಕ್ಕೇ ಭಯವಾಗುವಷ್ಟಾಯಿತು. ಕಾಮೆಂಟುಗಳನ್ನು ನಾನು ಶೆಡ್ಡಿನೊಳಗೆ ಓಡಿಹೋಗಿ ಗಂಡನ ಮೂಗಿನ ಕೆಳಗೆ ಹಿಡಿಯುವುದು, ಅವರು ಓದಿ ನಗುವುದು, ಅಷ್ಟರಲ್ಲಿ ಎಳೆ ಕಡಿದು ಮಗ್ಗ ನಿಲ್ಲುವುದು. ಕಾಮೆಂಟು ಹಾಕಿದವರ ನಡುವೆ ಒಬ್ಬ ಮಾತ್ರ ಬಣ್ಣ ಹಚ್ಚದ ಮುಖದ ಫೋಟೋ ಹಾಕಿ ಎಂದು ಮತ್ತೆ ಮತ್ತೆ ಕೇಳಿದ. ಅವನನ್ನು ಆ ಕ್ಷಣವೇ ಬ್ಲಾಕ್ ಮಾಡಿದೆ. ಮಾಡಿದ ಮೇಲೆ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡು ಇನ್ನೊಂದು ಲೋಟ ಕಾಫಿ ಕುಡಿದೆ.

ನಾಲ್ಕನೇ ದಿನ ಶಾಲೆ ಬಿಡುವ ಹೊತ್ತಿಗೆ ಗೇಟಿನ ಮುಂದೆ ಒಂದು ಸ್ಕೂಟರ್ ಬಂದು ನಿಂತಿತು. ಓಡಿಸುತ್ತಿದ್ದವರು ಐವತ್ತು ದಾಟಿದ ಗಂಡಸು, ಹಿಂದೆ ಮಡಿಲಲ್ಲಿ ಸ್ವೀಟ್ ಡಬ್ಬಿ ಇಟ್ಟುಕೊಂಡ ಅವರ ಹೆಂಡತಿ. ಇಬ್ಬರ ನಡುವೆ ಸ್ಕೂಲ್ ಬ್ಯಾಗ್ ಹೊತ್ತುಕೊಂಡು ಕೂತವಳು ನನ್ನ ಮಗಳು. ಆ ಇಬ್ಬರನ್ನೂ ನಾನು ಜನ್ಮದಲ್ಲಿ ನೋಡಿರಲಿಲ್ಲ.

ನಾನು ಓಡಿಹೋಗಿ ಮಗಳನ್ನು ಸ್ಕೂಟರಿನಿಂದ ಇಳಿಸಿಕೊಂಡೆ. ಅವರೋ, ನೆಂಟರ ಮನೆಗೆ ಬಂದವರ ಹಾಗೆ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೊಸಕೋಟೆ ಕಡೆಯವರು. ಆತ ಹರೆಯದಲ್ಲಿ ನಾಟಕದ ಪಾತ್ರ ಮಾಡಿದ್ದವರಂತೆ. ವಿಡಿಯೋ ನೋಡಿ, ಈ ಮಗುವನ್ನು ಕಣ್ಣಾರೆ ನೋಡಿ ಹರಸಲೇಬೇಕೆಂದು ಅಷ್ಟು ದೂರದಿಂದ ಬಂದಿದ್ದರು. ಒಳ್ಳೆಯ ಜನ, ಅದರಲ್ಲಿ ಅನುಮಾನವೇ ಇಲ್ಲ. ಆದರೆ ಕಾಫಿ ಕೊಡುವಾಗ ಮಗಳನ್ನು ನನ್ನ ಪಕ್ಕಕ್ಕೇ ಎಳೆದುಕೊಂಡೆ. ಮನೆ ಹೇಗೆ ಗೊತ್ತಾಯಿತು ಎಂದು ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

"ನಿಮ್ ವಿಡಿಯೋದಲ್ಲೇ ಎಲ್ಲಾ ಹೇಳವ್ರಲ್ಲಮ್ಮ," ಎಂದರು.

ಅವರು ಹೋದ ಮೇಲೆ ಮಗಳನ್ನು ಕೂರಿಸಿಕೊಂಡೆ. ಗುರುತಿಲ್ಲದವರ ಗಾಡಿ ಹತ್ತಬಾರದೆಂದು ಎಷ್ಟು ಸಲ ಹೇಳಿದ್ದೇನೆ ಎಂದು ಕೂಗಾಡಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ಗುರುತಿಲ್ದೋರಲ್ಲಮ್ಮ. ಅವ್ರಿಗೆ ಅಪ್ಪನ್ ಹೆಸ್ರು ಗೊತ್ತಿತ್ತು. ನಮ್ ಬೀದಿ ಗೊತ್ತಿತ್ತು. ನನ್ ಕ್ಲಾಸೂ ಗೊತ್ತಿತ್ತು."

ನಮ್ಮಲ್ಲಿ ಯಾರೇ ಎದುರಾಗಲಿ, ಯಾವೂರು, ಯಾರ ಮಗಳು ಎಂದು ಕೇಳಿದ ಮೇಲೆಯೇ ಮುಂದಿನ ಮಾತು. ಕೇಳಿದವರಿಗೆ ಚೆನ್ನಾಗಿ ಬಿಡಿಸಿ ಹೇಳಬೇಕು ಎಂದು ಅವಳು ಎರಡು ವರ್ಷದವಳಿದ್ದಾಗಿನಿಂದಲೇ ಕಲಿಸಿದವಳು ನಾನು. ಅಪ್ಪನ ಹೆಸರು ಬಲ್ಲವರು ನಮ್ಮವರು ಎಂಬುದು ಅವಳು ಕಲಿತ ಮೊದಲ ಪಾಠ.

ಅಷ್ಟರಲ್ಲಿ ಗಂಡ ಶೆಡ್ಡಿನಿಂದ ಬಂದರು. ವಿಷಯ ತಿಳಿದು ಮತ್ತೆ ಶೆಡ್ಡಿನೊಳಗೆ ಹೋಗಿ ಒಂದೊಂದೇ ಮಗ್ಗ ನಿಲ್ಲಿಸಿದರು. ಕರೆಂಟು ಹೋದಾಗ ಬಿಟ್ಟರೆ ನಾಲ್ಕೂ ಒಟ್ಟಿಗೆ ನಿಂತದ್ದನ್ನು ನಾನು ಕಂಡದ್ದು ಕಡಿಮೆ. ಆ ನಿಶ್ಶಬ್ದದಲ್ಲಿ ವಿಡಿಯೋ ಹಾಕಿದೆವು. ಮಗಳ ಹಾಡಿನ ಹಿಂದೆ ಮೈಕಿನವರ ದನಿ ಅಕ್ಷರ ಅಕ್ಷರವಾಗಿ ಕೇಳಿತು. ಮಗಳ ಹೆಸರು, ಅವಳಪ್ಪನ ಹೆಸರು, ದೊಡ್ಡಬಳ್ಳಾಪುರ, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು, ನಾಲ್ಕು ಮಗ್ಗದವರ ಮನೆ, ಶಾಲೆಯ ಹೆಸರು, ಐದನೇ ಕ್ಲಾಸು. ಎಲ್ಲವೂ ನನ್ನ ಚೀಟಿ. ಭವನದ ಗೋಡೆಯ ಹೆಸರನ್ನು ಕತ್ತರಿಸಿದ ಜಾಣೆ ಮನೆಯ ಗೇಟಿನ ಬಣ್ಣವನ್ನೂ ಬಿಡದೆ ಬರೆದುಕೊಟ್ಟಿದ್ದಳು. ಮಗ್ಗದ ಸದ್ದಿನಲ್ಲಿ ಕೂತು ಪರೀಕ್ಷೆ ಮಾಡಿದ್ದರಿಂದ ಮೂವತ್ತು ಸಲವೂ ಅದು ನನ್ನ ಕಿವಿಗೆ ಬಿದ್ದಿರಲಿಲ್ಲ. ಬಣ್ಣ ಹಚ್ಚದ ಮುಖ ಕೇಳಿದವನೂ ಇದನ್ನು ಕೇಳಿಸಿಕೊಂಡಿರಬಹುದಲ್ಲ ಎಂದು ಹೊಳೆದಾಗ ನಾನು ಎದ್ದು ಹೋಗಿ ಗೇಟಿನ ಚಿಲಕ ಹಾಕಿ ಬಂದೆ.

"ಅಳಿಸ್ಬಿಡು," ಎಂದರು ಗಂಡ. "ನಾಟಕಾನೂ ಸಾಕು. ಅವ್ಳು ಹಾಡ್ಬೇಕಾದ್ರೆ ಮನೇಲಿ ಹಾಡ್ಕೊಳ್ಳಿ."

ವಿಡಿಯೋ ಅಳಿಸಿದೆ. ಆದರೆ ಅಷ್ಟು ಹೊತ್ತಿಗೆ ಅದು ಎಷ್ಟು ಗ್ರೂಪುಗಳಿಗೆ ಹೋಗಿತ್ತೋ ಯಾರು ಬಲ್ಲರು. ಅಂದಿನಿಂದ ಮಗಳನ್ನು ಶಾಲೆಗೆ ಬಿಡುವುದೂ ಕರೆತರುವುದೂ ನಾನೇ. ಟೀಚರಿಗೂ ನಡೆದದ್ದೆಲ್ಲ ಹೇಳಿ, ಅಪ್ಪ ಅಮ್ಮ ಬಿಟ್ಟು ಬೇರೆ ಯಾರ ಜೊತೆಗೂ ಕಳಿಸಬೇಡಿ ಎಂದು ಕೇಳಿಕೊಂಡೆ. ಮೇಷ್ಟ್ರಿಗೆ ಫೋನ್ ಮಾಡಿ, ದೇವನಹಳ್ಳಿ ಕಡೆ ಗೊತ್ತಾಗಿದ್ದ ಮುಂದಿನ ನಾಟಕಕ್ಕೆ ಬೇರೆ ಹುಡುಗನನ್ನು ಹುಡುಕಿಕೊಳ್ಳಿ ಎಂದೆ. ಹುಡುಕುವುದಿಲ್ಲ, ಕಾಯುತ್ತೇನೆ ಎಂದು ಅವರು ಫೋನಿಟ್ಟರು.

ಮಗಳು ಅಳಲಿಲ್ಲ, ಹಟ ಮಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ನಾನು ಏನು ಎಂಬಂತೆ ತಲೆಯೆತ್ತಿದೆ. ಅವಳು ಬಾಯಿ ತೆರೆಯದೆ ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿದಳು. ಹಸಿವು ಎಂದು.

ಹತ್ತು ವರ್ಷದಲ್ಲಿ ಅವಳು ಮಾಡಿದ ಮೊದಲ ಸನ್ನೆ ಅದು. ನನ್ನ ಕೈಯಲ್ಲಿದ್ದ ಕಂಡಿಕೆ ಕೆಳಗೆ ಬಿತ್ತು. ಆಚೆ ತಿರುಗಿದರೆ ಗಂಡನೂ ಆ ಸನ್ನೆಯನ್ನು ನೋಡಿದ್ದರು. ಅವರು ಮಗ್ಗ ನಿಲ್ಲಿಸಿದರು, ಎರಡನೆಯದು, ಮೂರನೆಯದು, ನಾಲ್ಕನೆಯದು. ಮಗಳ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತರು.

"ಬಾಯಲ್ಲಿ ಕೇಳು ಮಗಾ," ಎಂದರು. ಅವಳು ಮತ್ತೆ ಐದು ಬೆರಳನ್ನೇ ಬಾಯಿಗೆ ತೋರಿಸಿದಳು. ಅವರು ನನ್ನ ಕಡೆ ತಿರುಗಿದರು. "ಇನ್ಮೇಲೆ ವಿಡಿಯೋ ಹಾಕೋ ಮುಂಚೆ ನಂಗೆ ಹೇಳು. ಮಗ್ಗ ನಿಲ್ಲಿಸ್ತೀನಿ. ಮೂರು ಜನಾನೂ ಕೂತು ಕೇಳೋಣ."

ಆ ಮಾತಿಗೆ ನಾನು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ, ಖುಷಿಯಿಂದ. ಕಣ್ಣೊರೆಸಿಕೊಂಡು ಮೇಷ್ಟ್ರಿಗೆ ಫೋನ್ ಮಾಡಿ, ನಿಮ್ಮ ಯುವರಾಜ ಬರುತ್ತಾನೆ ಎಂದೆ.

ನಮ್ಮ ಮನೆಗೆ ಹೊಸ ಕಟ್ಟಳೆ ಬಂತು. ಹಾಕುವ ಪ್ರತಿ ವಿಡಿಯೋವನ್ನೂ ಮಗ್ಗ ನಿಲ್ಲಿಸಿ ಒಮ್ಮೆ ನೋಡುವುದು, ಆಮೇಲೆ ಕಣ್ಣು ಮುಚ್ಚಿ ಒಮ್ಮೆ ಕೇಳುವುದು. ನಾಟಕ ನಡೆದ ದಿನವೇ ಹಾಕದೆ ವಾರ ಕಳೆದ ಮೇಲೆ ಹಾಕುವುದು. ಮಗಳು ಬೇಡ ಎಂದರೆ ಹಾಕದೇ ಇರುವುದು. ಈ ಕೊನೆಯದು ನನಗೆ ಕಷ್ಟವಾಯಿತು, ನಾಟಕದ ಅಭ್ಯಾಸದಲ್ಲಿ ಹಿಡಿದ ಮೊದಲ ಎರಡು ವಿಡಿಯೋಗೆ ಅವಳು ತಲೆ ಅಲ್ಲಾಡಿಸಿ ಬೇಡವೆಂದಾಗ ಹಲ್ಲು ಕಚ್ಚಿ ಸುಮ್ಮನಾದೆ. ಇನ್ನೊಂದು ಗುಟ್ಟಿನ ಮಾತೂ ಇದೆ, ಅಮ್ಮ ಕಳಿಸಿದಳು ಎಂದು ಬಂದವರು ಅದನ್ನು ಹೇಳಬೇಕು. ಅಪ್ಪನ ಹೆಸರು ಹೇಳಿದರೂ ತಾತನ ಹೆಸರು ಹೇಳಿದರೂ ಸಾಲದು. ಆ ಮಾತನ್ನು ಇಲ್ಲಿ ಬರೆಯುವಷ್ಟು ದಡ್ಡಿಯಾಗಿ ನಾನು ಈಗ ಉಳಿದಿಲ್ಲ.

ಅವಳಿಗೆ ಇವೆಲ್ಲ ಎಷ್ಟು ಅರ್ಥವಾಯಿತು ಎಂಬುದೇ ನನ್ನ ಚಿಂತೆಯಾಗಿತ್ತು. ನಾನು ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದಳು. ಸ್ಕೂಟರ್ ಹತ್ತುವ ಮುಂಚೆಯೂ ಹೂಂ ಎನ್ನುತ್ತಲೇ ಇದ್ದವಳು. ನಾನಿಲ್ಲದ ಹೊತ್ತಿನಲ್ಲಿ ಯಾರಾದರೂ ನಗುತ್ತಾ ಬಂದು ಯಾರ ಮಗಳಮ್ಮ ಎಂದರೆ, ಎಂದಿನಂತೆ ಗಂಟಲು ತೆರೆದು ಹೇಳಿಬಿಟ್ಟರೆ ಎಂದು ಹೆದರುತ್ತಿದ್ದೆ.

ದೇವನಹಳ್ಳಿ ಕಡೆಯ ನಾಟಕವೂ ಭಾನುವಾರ ಮಧ್ಯಾಹ್ನವೇ, ಅಲ್ಲಿನ ಸಮುದಾಯ ಭವನದಲ್ಲಿ. ಪರದೆ ಏಳುವ ಮುಂಚೆ ಮೇಷ್ಟ್ರು ತಾವೇ ಎದ್ದು ನಿಂತು, ಮಕ್ಕಳ ಪಾತ್ರ ಬಂದಾಗ ದಯವಿಟ್ಟು ಮೊಬೈಲು ಒಳಗಿಡಿ ಎಂದು ಬೇಡಿಕೊಂಡರು. ಕೆಲವರು ಇಟ್ಟರು, ಕೆಲವರು ಇಡಲಿಲ್ಲ. ನಾನು ನನ್ನದನ್ನು ಸ್ವಿಚ್ ಆಫ್ ಮಾಡಿ ಬ್ಯಾಗಿನ ತಳಕ್ಕೆ ತಳ್ಳಿದೆ. ಕೈ ಖಾಲಿಯಾಗಿ ಏನು ಮಾಡಬೇಕೋ ತಿಳಿಯದೆ ಗಂಡನ ಕೈ ಹಿಡಿದುಕೊಂಡೆ. ನಾಲ್ಕು ಜನರ ಎದುರು ಹಾಗೆ ಹಿಡಿದದ್ದು ಅದೇ ಮೊದಲು, ಅವರು ಬಿಡಿಸಿಕೊಳ್ಳಲಿಲ್ಲ.

ಯುವರಾಜ ಬಂದ. ಹೋದ ಸಲ ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದ್ದ ನನಗೆ ಈ ಸಲ ಮಗಳ ಕತ್ತಿನ ನರ ಉಬ್ಬುವುದು, ಕಿರೀಟ ಜಾರುವುದು, ಮೇಷ್ಟ್ರು ಅವಳ ಕಡೆ ಕಣ್ಣು ಮಿಟುಕಿಸುವುದು, ಎಲ್ಲವೂ ಕಂಡಿತು. ಒನ್ಸ್ ಮೋರ್ ಬಿತ್ತು. ನಾನು ಮತ್ತೆ ಕುರ್ಚಿ ಹತ್ತಿದೆ, ಅದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ.

ಹಾರ ಕೊಡದೆ ಇರಲು ಆಗಲಿಲ್ಲ. ಚೀಟಿ ಮಾತ್ರ ಒಂದೇ ಸಾಲಿನದು. ಯುವರಾಜನಿಗೆ ಅಮ್ಮನಿಂದ ಒಂದು ಹಾರ. ಹೋದ ಸಲದ ಮೈಕಿನವರೇ ಬಂದಿದ್ದರು. ಅವರು ಚೀಟಿಯನ್ನು ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಇಷ್ಟು ವರ್ಷದ ಕೆಲಸದಲ್ಲಿ ಊರಿಲ್ಲದ ಚೀಟಿ ಬಂದಿರಲಿಕ್ಕಿಲ್ಲ. ಪಾಪ, ಕೆಟ್ಟ ಮನಸ್ಸಿನಿಂದಲ್ಲ, ಅಭ್ಯಾಸಬಲದಿಂದ, ನೇರವಾಗಿ ಮಗಳ ಬಾಯಿಗೇ ಮೈಕ್ ಹಿಡಿದರು.

"ಇದ್ರಲ್ಲಿ ಏನೂ ಬರ್ದಿಲ್ವಲ್ಲ. ಯಾವೂರಮ್ಮ ನಿಂದು? ಯಾರ್ ಮಗ್ಳು?"

ಭವನವೆಲ್ಲ ಅವಳನ್ನೇ ನೋಡುತ್ತಿತ್ತು. ಎಷ್ಟೋ ಮೊಬೈಲು ಎದ್ದು ನಿಂತಿದ್ದವು. ಅವಳು ಉತ್ತರ ಹೇಳಲು ಉಸಿರೆಳೆದುಕೊಂಡದ್ದು ಕಂಡಿತು. ನಾನು ಕೂಗಿ ತಡೆಯುವಷ್ಟರಲ್ಲಿ ಮಗಳು ಕಿರೀಟವನ್ನು ಒಂದು ಕೈಯಲ್ಲಿ ಸರಿಮಾಡಿಕೊಂಡಳು, ಇನ್ನೊಂದು ಕೈಯಲ್ಲಿ ಮೈಕನ್ನು ಪಕ್ಕಕ್ಕೆ ಸರಿಸಿದಳು. ಅವಳ ಗಂಟಲಿಗೆ ಅದು ಬೇಕಾಗಿರಲಿಲ್ಲ.

"ಯುವರಾಜರು ಅಡ್ರೆಸ್ ಹೇಳಲ್ಲ," ಎಂದಳು. "ಅರಮನೆಯಿಂದ ಬಂದಿದೀವಿ."

ಭವನ ಬಿದ್ದು ಬಿದ್ದು ನಕ್ಕಿತು, ಶಿಳ್ಳೆ ಹೊಡೆಯಿತು, ಅದಕ್ಕೂ ಒನ್ಸ್ ಮೋರ್ ಕೇಳಿತು. ಮೇಷ್ಟ್ರು ನಗು ತಡೆಯಲಾರದೆ ಹಾರ್ಮೋನಿಯಂ ಮೇಲೆ ಬಾಗಿದರು. ಗಂಡ ನನ್ನ ಕಡೆ ತಿರುಗಿ, ಅಷ್ಟು ಗದ್ದಲದಲ್ಲಿ ಮಾತು ಕೇಳದೆಂದು, ಅಂಗೈಯನ್ನು ಎದೆಯ ಮೇಲಿಟ್ಟು ತೋರಿಸಿದರು. ನಮ್ಮ ಸನ್ನೆಗಳಲ್ಲಿ ಅದು ಅದುವರೆಗೆ ಇರಲಿಲ್ಲ, ಆದರೂ ಇನ್ನು ಭಯವಿಲ್ಲ ಎಂದದ್ದು ನನಗೆ ಅರ್ಥವಾಯಿತು.