ಎರಡು ಜರ್ಮನ್ ಕಾರು, ಹತ್ತರ ವೇಗ

ನಿನ್ನೆ ದಿಲ್ಲಿಯ ನಮ್ಮ ದ್ವಾರಕಾ ಸೊಸೈಟಿಯ ಲಿಫ್ಟಿಗೆ ಯಾರೋ ಪೆಟ್ರೋಲಿನ ಕ್ಯಾನು ಹಿಡಿದು ಹತ್ತಿದರು. ಒಳಗಿದ್ದವರೆಲ್ಲ ಮೂಗು ಮುಚ್ಚಿಕೊಂಡರು. ನಾನು ಮುಚ್ಚಲಿಲ್ಲ. ಜೀವಮಾನವಿಡೀ ಆ ವಾಸನೆಯ ಅಂಗಿಗಳನ್ನೇ ಒಗೆದವಳಿಗೆ ಅದೇನು ಹೊಸದಲ್ಲ ನೋಡಿ.

ಆರ್.ಕೆ.ಪುರಂ ಕ್ವಾರ್ಟರ್ಸ್‌ನಲ್ಲಿದ್ದಾಗ ನಮ್ಮ ಯಜಮಾನರು, ರಾಯಭಾರ ಕಚೇರಿಯೊಂದು ಹರಾಜಿಗಿಟ್ಟ ಜರ್ಮನ್ ಕಾರನ್ನು ಮನೆಗೆ ತಂದರು. ಗಂಟೆಗೆ ಇನ್ನೂರು ಕಿಲೋಮೀಟರು ಓಡುತ್ತದೆ ಎಂದರು. ಓಡುತ್ತಿತ್ತೋ ಏನೋ, ಇವರು ಮಾತ್ರ ನಲವತ್ತು ದಾಟಿಸಿದವರಲ್ಲ. ನಮ್ಮನ್ನು ಹಿಂದೆ ಹಾಕುವ ಬಸ್ಸಿನವರು ಕಿಟಕಿಯಿಂದ ಕನಿಕರದಲ್ಲಿ ನೋಡುತ್ತಿದ್ದರು.

ಆ ಕಾರಿನಲ್ಲೇ ಬೆಳೆದ ಮಗ ಗುರುಗ್ರಾಮದಲ್ಲಿ ಕೆಲಸ ಹಿಡಿದ ಮೇಲೆ ಅದೇ ಕಂಪನಿಯ ಹೊಸ ಕಾಲದ ಕಾರು ಕೊಂಡ. ಅಂದಿನಿಂದ ಅಪ್ಪ ಮಗನಿಗೆ ಬೇರೆ ಮಾತೇ ಇಲ್ಲ. ನಿನ್ನದು ಕಾರಲ್ಲ, ಕಂಪ್ಯೂಟರು ಎಂದು ಇವರು; ನಿಮ್ಮದು ಚಕ್ರ ಹಚ್ಚಿದ ಬೀರು ಎಂದು ಅವನು.

ನನ್ನನ್ನು ಕೇಳಿದರೆ ಹಿಂದಿನ ಸೀಟಿನ ಲೆಕ್ಕವೇ ಬೇರೆ. ಹಳೆಯದರಲ್ಲಿ ಸೀರೆ ಉಟ್ಟವಳು ಕುರ್ಚಿಯಲ್ಲಿ ಕೂತಂತೆ ಕೂರಬಹುದು, ಕಿಟಕಿ ಇಳಿಸಲು ಮಾತ್ರ ಬೀಸುವ ಕಲ್ಲಿನ ಹಾಗೆ ಹಿಡಿ ತಿರುಗಿಸಬೇಕು. ಹೊಸದಕ್ಕೆ ಬಾವಿಗಿಳಿದಂತೆ ಇಳಿಯಬೇಕು. ಹೊರಗೆ ಬರಲು ಯಾರಾದರೂ ಎಳೆಯಬೇಕು. ಒಮ್ಮೆ ಸಬ್ಜಿ ಮಂಡಿಯಿಂದ ತಂದ ಕುಂಬಳಕಾಯಿಯನ್ನು ಅದರ ಮುಂದಿನ ಸೀಟಿನಲ್ಲಿಟ್ಟೆವು. ಬೆಲ್ಟು ಹಾಕಿಲ್ಲವೆಂದು ಕಾರು ಕೂಗತೊಡಗಿತು. ಕುಂಬಳಕಾಯಿಗೆ ಬೆಲ್ಟು ಬಿಗಿದೇ ಮನೆ ಸೇರಿದೆವು. ಇನ್ನು ವೇಗವೋ? ಧೌಲಾ ಕುವಾಂ ಟ್ರಾಫಿಕ್ಕಿನಲ್ಲಿ ಎರಡೂ ಒಂದೇ ಸಮ ನಿಂತಿರುತ್ತಿದ್ದವು.

ಕಡೆಗೆ ದಿಲ್ಲಿಯ ಕಾನೂನು ಬಂತು. ಹದಿನೈದು ವರ್ಷ ದಾಟಿದ ಪೆಟ್ರೋಲು ಕಾರು ರಸ್ತೆಗಿಳಿಯಕೂಡದು. ಮಗನ ‘ಹೊಸ’ ಕಾರಿಗೂ ಅಷ್ಟು ವಯಸ್ಸಾಗಿತ್ತು! ತುಮಕೂರಿನಲ್ಲಿರುವ ಮಗಳ ಶೆಡ್ಡಿನಲ್ಲಿ ಒಂದಕ್ಕಷ್ಟೇ ಜಾಗ. ಇನ್ನೊಂದನ್ನು ಕೊಳ್ಳಲು ಹಳೇ ಕಾರು ಕೂಡಿಡುವ ಶೋಕಿಯವನೊಬ್ಬ ಕಾದಿದ್ದ. ಅವನಿಗೆ ಯಾವುದಾದರೂ ಸರಿ. ಯಾವುದನ್ನು ಉಳಿಸುವುದೆಂದು ಎರಡರಲ್ಲೂ ಕೂತು ನಾನು ಹೇಳಬೇಕಂತೆ. ರಸ್ತೆಗೆ ಹೋಗುವಂತಿಲ್ಲವಲ್ಲ, ಸೊಸೈಟಿಯೊಳಗೇ ಸುತ್ತು. ಅಲ್ಲಿ ವೇಗದ ಮಿತಿ ಹತ್ತು. ಸೈಕಲ್ಲಿನ ಮಕ್ಕಳು ಎರಡು ಕಾರನ್ನೂ ಹಿಂದೆ ಹಾಕಿದರು.

ಮೊದಲು ಮಗ ತನ್ನದನ್ನು ಸುತ್ತಿಸಿದ. ಆಮೇಲೆ ಇವರು ತಮ್ಮದನ್ನು ಹೊರಡಿಸಿದರು. ಪಕ್ಕದಲ್ಲಿ ಮಗ, ಹಿಂದೆ ನಾನು. ನೀರಿನ ಟ್ಯಾಂಕಿನ ತಿರುವಿನಲ್ಲಿ ಹಳದಿ ಬಳಿದ ಕಟ್ಟೆ ಕಣ್ಣಿಗೆ ರಾಚುವಂತಿತ್ತು. ಇವರು ನೇರ ಅದರತ್ತಲೇ ಹೋದರು. ಮಗ ಒಂದು ಕೈಯಿಂದ ಸ್ಟಿಯರಿಂಗನ್ನು ಮೆಲ್ಲಗೆ ತಿರುಗಿಸಿದ.

“ಬಲಕ್ಕಪ್ಪ. ಇನ್ನೂ ಸ್ವಲ್ಪ.”

ಅವನು ಹೇಳಿದಷ್ಟೇ ಇವರು ತಿರುಗಿಸಿದರು. ಇದು ಇಬ್ಬರಿಗೂ ಹಳೆಯ ಸಂಗತಿ, ಗೊತ್ತಿಲ್ಲದವಳು ನಾನೊಬ್ಬಳೇ.

ಇಳಿದವಳೇ ಹೇಳಿಬಿಟ್ಟೆ: “ನಿಮಗೆ ಕಣ್ಣು ಕಾಣೋದಿಲ್ಲ. ಓಡಿಸೋರಿಲ್ಲದ ಕಾರು ಯಾತಕ್ಕೆ? ಹಳೇದನ್ನೇ ಕೊಟ್ಟುಬಿಡಿ.”

ಇವರು ಬಾಗಿಲ ಮೇಲೆ ಕೈಯಿಟ್ಟು ನಿಂತೇ ಇದ್ದರು. ಮಗ ನನ್ನ ಮುಖ ನೋಡದೆ, “ಇಲ್ಲಮ್ಮ, ನಂದೇ ಹೋಗಲಿ. ಅದರ ಕಂಪ್ಯೂಟರ್ ಕೈಕೊಟ್ರೆ ಬರೀ ಡಬ್ಬ. ಅಪ್ಪಂದಾದ್ರೆ ಯಾವ ಮಿಸ್ತ್ರಿ ಬೇಕಾದ್ರೂ ರಿಪೇರಿ ಮಾಡ್ತಾನೆ” ಎಂದ.

ಅಪ್ಪ ಇಷ್ಟು ವರ್ಷ ಹೇಳಿದ್ದನ್ನೇ ಮಗ ಒಪ್ಪಿದ್ದ. ಗೆದ್ದವರು ಹಿಗ್ಗಬೇಕಿತ್ತು.

“ಸುಳ್ಳು ಬೊಗಳಬೇಡ” ಎಂದರು ಇವರು. “ನಿಂದೇ ಒಳ್ಳೇ ಕಾರು.”

ಅಲ್ಲಿಗೆ ಜಗಳ ತಲೆಕೆಳಗಾಯಿತು. ಆ ಸಂಜೆಯೆಲ್ಲ ಇಬ್ಬರೂ ತಂತಮ್ಮ ಕಾರನ್ನೇ ಜರಿದುಕೊಂಡು ಕಚ್ಚಾಡಿದರು. ಮಗನ ಹಟವೇ ಗೆದ್ದಿತು. ಅವನ ಕಾರು ಶೋಕಿಯವನ ಪಾಲಾಯಿತು. ಹಳೆಯದು ಲಾರಿಯೇರಿ ತುಮಕೂರಿಗೆ ಹೋಯಿತು.

ಈಗ ಮಗ ಮೆಟ್ರೋದಲ್ಲಿ ಓಡಾಡುತ್ತಾನೆ. ನಾಳೆ ಇವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಮೆಟ್ರೋದಲ್ಲೇ ಬೇಗ ಎಂದು ಅವನು, ಆಟೋದಲ್ಲೇ ಬೇಗ ಎಂದು ಇವರು. ಬೆಳಗಿನಿಂದ ಇದೇ ರಗಳೆ. ನನ್ನನ್ನೂ ಕೇಳಿದರು. ಯಾವುದು ಬೇಗವೆಂದು ನನಗೆ ಚೆನ್ನಾಗಿ ಗೊತ್ತು. ಹೇಳಲಿಲ್ಲ.